ಇಪ್ಪತ್ತನಾಲ್ಕೋ ನಲವತ್ತೆರಡೋ

ನೆಲ್ಸನ್ನಿನ ಮೆಥಡಿಸ್ಟ್ ಚರ್ಚಿನ ಹಿಂದಿನ ಕೋಣೆ,
ಮಂಗಳವಾರದ ತಾಲೀಮು.
ಒಂದು ಹೀಟರು, ಹನ್ನೊಂದು ಕುರ್ಚಿ,
ಅದರಲ್ಲೊಂದಕ್ಕೆ ಕಾಲು ಮೋಟು.
ಮುದುಕರು ಹೇಳಬೇಕು, ಹುಡುಗರು ಆಡಬೇಕು,
ನಡುವೆ ಕೂತು ನಾನು ಬರೆದುಕೊಳ್ಳಬೇಕು.
ಶಟಲ್ ಎಂದರು, ಲಾಳಿ ಎಂದು ಬರೆದೆ.
ವಾರ್ಪು, ವೆಫ್ಟು: ಹಾಸು, ಹೊಕ್ಕು.
ಅವಸರದ ಕೈ ಕನ್ನಡಕ್ಕೇ ಹೊರಳುತ್ತದೆ,
ಇಂಗ್ಲಿಷಿಗೆ ಮರಳಿಸುವುದು ರಾತ್ರಿ ಪಾಳಿಯ ಕೆಲಸ.

ಮಗ್ಗದ ಸದ್ದು ಬೇಕೆಂದು ನಿರ್ದೇಶಕಿ ಟ್ಯಾಮ್ಸಿನ್
ತಗಡಿನ ಡಬ್ಬ, ಚಮಚ ತಂದಿದ್ದಳು.
ಹುಡುಗರು ಬಡಿದರು,
ಬಡಿತದ ಮೇಲೆ ಕಿರುಚಿ ಕಿರುಚಿ ಸಂಭಾಷಣೆ.
ಮೇವಿಸ್ ಹಾಲ್‌ಸ್ಟೆಡ್ ಕೈಯೆತ್ತಿದರು,
ಎಂಬತ್ನಾಲ್ಕರ ಕೈ, ಉಂಗುರದ ಬೆರಳಿಗೆ ತುದಿಯಿಲ್ಲ:
"ಯಾರು ಕಿರುಚುತ್ತಿದ್ದರು, ಮಗಳೇ?
ನಾನೂರು ಮಗ್ಗ. ನಿನ್ನ ಕೂಗು ನಿನಗೇ ಕೇಳದು.
ನಾವು ತುಟಿಯಲ್ಲಿ ಮಾತಾಡುತ್ತಿದ್ದೆವು."
ತೋರಿಸಿದರು.
ಕಿವಿವರೆಗೆ ಎಳೆದ ಬಾಯಿ, ಹಣೆಗೇರಿದ ಹುಬ್ಬು,
ಉಸಿರಿನಷ್ಟೂ ಸದ್ದಿಲ್ಲ.
ಯಾರ ಗಂಡ ಯಾರ ಮನೆಯಲ್ಲಿ,
ಯಾರಿಗೆ ಮೂರು ತಿಂಗಳು,
ಮೇಸ್ತ್ರಿಯ ಚಡ್ಡಿಯ ಬಣ್ಣ ಯಾವುದು,
ಎಲ್ಲ ಮೂರು ಸಾಲು ಮಗ್ಗ ದಾಟಿ ಹೋಗುತ್ತಿತ್ತಂತೆ
ಅವನ ಕಣ್ಣೆದುರೇ.
ಡಬ್ಬದ ಹುಡುಗ ಚಮಚ ಕೆಳಗಿಟ್ಟ.

ಫಜಲ್ ಕರೀಂ ಬಂದದ್ದು ನಾಲ್ಕನೇ ವಾರ,
ಮೊಮ್ಮಗಳು ಕಾರಿನಲ್ಲಿ ಬಿಟ್ಟು ಹೋದಳು.
ಅದೇ ಗಿರಣಿ, ರಾತ್ರಿ ಪಾಳಿ, ಅರವತ್ತೇಳರಿಂದ.
"ಆರು ಗಂಟೆಗೆ ಗೇಟಿನಲ್ಲಿ
ನಾವು ಹೊರಗೆ, ಅವರು ಒಳಗೆ.
ತಲೆಗೆ ಕಟ್ಟಿದ ಬಟ್ಟೆ ನೋಡಿದ್ದೇನೆ, ಮುಖ ನೋಡಿಲ್ಲ."
"ಬೆಳಿಗ್ಗೆ ನನ್ನ ಮಗ್ಗ ಬೆಚ್ಚಗಿರುತ್ತಿತ್ತು,"
ಮೇವಿಸ್ ಚಹಾ ಕಲಕುತ್ತಲೇ ಅಂದರು,
"ಬಟ್ಟೆಯಲ್ಲಿ ತಪ್ಪಿದ ಎಳೆ. ದಂಡ ನನ್ನ ಸಂಬಳದಲ್ಲಿ."
"ನನ್ನ ಎಳೆ ತಪ್ಪುತ್ತಿರಲಿಲ್ಲ."
"ಯಾವ ನಂಬರು?"
"ನಲವತ್ತೆರಡು."
"ನನ್ನದು ಇಪ್ಪತ್ತನಾಲ್ಕು."

ಒಂದೇ ಮಗ್ಗ ಅಂತ ಮಾಡೋಣ ನಾಟಕಕ್ಕೆ,
ಟ್ಯಾಮ್ಸಿನ್ ಕುರ್ಚಿಯಿಂದ ಎದ್ದೇಬಿಟ್ಟಳು.
ಬೇಡ, ಅಂದರು ಇಬ್ಬರೂ, ಒಂದೇ ಉಸಿರಿಗೆ.
ಆಮೇಲೆ ಬಿಸ್ಕತ್ತು, ಕೋಟು, ಬಸ್ಸಿನ ಹೊತ್ತು.
ಮನೆಗೆ ಬಂದು ಪುಸ್ತಕ ತೆರೆದರೆ
ಇಬ್ಬರ ಹೆಸರಿನ ಮುಂದೆಯೂ ಇಪ್ಪತ್ತನಾಲ್ಕು.
ಬರೆದ ಕೈ ನನ್ನದೇ.
ಇದುವರೆಗೆ ಯಾರಿಗೂ ಹೇಳಿಲ್ಲ.

ನಾಟಕದ ದಿನ ಎರಡು ಕುರ್ಚಿಯೇ ಎರಡು ಮಗ್ಗ,
ಬೆನ್ನಿಗೆ ಸೀಮೆಸುಣ್ಣದ ಅಂಕಿ.
ಮರೆತ ಮಾತು ಎತ್ತಿಕೊಡಲು ಪರದೆಯ ಮರೆಯಲ್ಲಿ ನಾನು.
ಆ ದೃಶ್ಯಕ್ಕೆ ನನ್ನ ಪುಟ ಖಾಲಿ.
ಮೇವಿಸ್ ಅವರ ತುಟಿ ಅಗಲವಾಯಿತು, ಹುಬ್ಬು ಏರಿತು.
ಫಜಲ್ ನೋಡಿದರು, ತಲೆ ಅಲ್ಲಾಡಿಸಿದರು,
ಹೌದೆಂದೋ ಇಲ್ಲವೆಂದೋ.
ಹುಡುಗರು ಉಸಿರು ಹಿಡಿದರು. ಊರೆಲ್ಲ ಗಂಭೀರ.
ಹಿಂದಿನ ಸಾಲಿನಲ್ಲಿ ಮಾತ್ರ
ಟೋಪಿ ಹಾಕಿದ ಇಬ್ಬರು ಮುದುಕಿಯರು
ಬಿದ್ದು ಬಿದ್ದು ನಗುತ್ತಿದ್ದರು.