ಎಮ್ಮಿ ಪಾಲಿನ ನೀರು

ಮುಳಗುಂದ ನಾಕಾದಾಗ ಬುಡನಸಾಬ
ಹಳೇ ರೇಡಿಯೇಟರ್ ಬಿಚ್ಚಿ ಗೋಣಿಚೀಲದ ಮ್ಯಾಲ ಇಟ್ಟ.
ಬಾಯಾಗ ಬೆರಳು ಹಾಕಿ ಕೆರದ:
ಬಿಳೇ ಪದರ, ಕೆಂಪು ಪದರ, ಮತ್ತ ಬಿಳೇದು.
"ಬಾಯಾರ, ಎಲ್ಲೆಲ್ಲೀ ನೀರು ಕುಡಿಸೀರಿ ಇದಕ್ಕ?"

ಎಲ್ಲೆಲ್ಲೀದು ಅಂತ ಹೇಳಲಿ.
ಅಣ್ಣಿಗೇರಿ ಹಂತ್ಯಾಕ ಹೊಗಿ ಎದ್ದಾಗ
ಹೊಲದ ಮನಿಯಾಕಿ ಕೊಟ್ಟ ಕೊಡಪಾನ,
ಎಮ್ಮಿಗೆ ಅಂತ ತುಂಬಿಟ್ಟಿದ್ದು;
ಖಾಲಿ ಆಗೂತನಕ ಎಮ್ಮಿ ನನ್ನಽ ನೋಡಿತ್ತು.
ಹುಲಕೋಟಿ ಗಿರಣಿಯ ನಳ.
ಬೆಣ್ಣಿಹಳ್ಳದ ಸವುಳು.
ನಲವಡಿ ಕ್ರಾಸಿನ ಚಾದಂಗಡಿ ಕಳಕಪ್ಪ
ಚರಗಿ ಕೊಟ್ಟು, ರೊಕ್ಕ ಒಲ್ಲೆ ಅಂದು,
"ಈ ಪದ್ಮಿನಿ ಮಾರಿಬಿಡ್ರಿ" ಅಂದಿದ್ದ.

ಹೊಸಾದು ಅಲ್ಯೂಮಿನಿಯಂ, ಕೈಯಾಗ ಹಗೂರ.
ಹಸರು ಕೂಲಂಟ್ ಹೊಯ್ದು ಮುಚ್ಚಳ ತಿರುವಿದ:
"ಇನ್ನ ಯಾರ ಬಾಗಲಾನೂ ಬಡಿಯೂದು ಬ್ಯಾಡ."
ಮುಂದಿನ ದೀಪ ಎರಡೂ ಬದಲಿಸಿ, ರಿಲೇ ಕೂಡ್ರಿಸಿ,
ಎದುರಿನ ಗ್ವಾಡಿಗೆ ಸೀಮಿಸುಣ್ಣದಾಗ ಗೆರಿ ಎಳದು
ಬೆಳಕನ್ನ ಅದರ ಕೆಳಗ ಇಳಿಸಿದ.
ಸ್ಕ್ರೂ ಇನ್ನೂ ಅರ್ಧ ಸುತ್ತು.
"ಎದುರು ಬರಾವ್ರದೂ ಕಣ್ಣಽ ಅಲ್ರಿ."

ಪಾಳಿ ಮುಗಿಸಿ ರಾತ್ರಿ ಹೊಂಟೆ. ಸೂಜಿ ಏಳಲಿಲ್ಲ.
ಅಣ್ಣಿಗೇರಿ ದಾಟಿದ ಮ್ಯಾಲ, ಜಾಲಿಕಂಟಿ ಬಾಜೂಕ,
ಹಳದಿ ಬೆಳಕಿನಾಗ ದಿನಾ ಒಬ್ಬಾಂವ
ಕಂಬಳಿ ಹೊದ್ದು ಕುಂತಿರತಿದ್ದ.
ಹನ್ನೊಂದು ವರ್ಷ ಹಾರ್ನ್ ಒತ್ತಿ ಮಾತಾಡಿಸೀನಿ.
ಇವತ್ತ ಕಂಡಿದ್ದು ಕಲ್ಲು,
ಬಳ್ಳಿ ಹಬ್ಬಿದ್ದು. ಹುಬ್ಬಳ್ಳಿ ೩೨.
ಅಷ್ಟು ಸ್ವಚ್ಛ.

ಹಾರ್ನ್ ಮ್ಯಾಲಿನ ಕೈ ಹಂಗಽ ಇತ್ತು.

ನಲವಡಿ ಕ್ರಾಸಿನಾಗ, ಯಾಕೋ, ನಿಲ್ಲಿಸಿದೆ.
ಅಂಗಡಿ ಮುಚ್ಚಾಕತ್ತಿದ್ದ ಕಳಕಪ್ಪ
ಕೇಳೂಕಿಂತ ಮೊದಲಽ ಚರಗಿ ತಂದ:
"ಮತ್ತ ಕುದೀತೇನ್ರಿ?"
ಇಲ್ಲ, ಇವತ್ತ ನನಗ, ಅಂದೆ.
ದೀಪ ಆರಿಸಿ,
ನಿಂತಲ್ಲೇ ಕುಡದೆ.