ಗಾಜಿನ ನೆಲ

ಮಂಚದ ಪಕ್ಕ, ಚಪ್ಪಲಿ ಬಿಡುವಷ್ಟು ಜಾಗದಲ್ಲಿ
ನೆಲಕ್ಕೆ ಗಾಜು ಹಾಕಿದ್ದರು.
ಮೊದಲ ರಾತ್ರಿ ನಾನದನ್ನು ತುಳಿಯಲಿಲ್ಲ.
ಬಳಸಿಕೊಂಡು ಬಚ್ಚಲಿಗೆ ಹೋದೆ, ನಿರಿಗೆ ಎತ್ತಿ ಹಿಡಿದು.
ಸೀರೆಯೇ ಉಟ್ಟಿರಲಿಲ್ಲ. ಕೈ ತಾನಾಗಿ ಎತ್ತಿತ್ತು.

ಕೆಳಗೆ ದೀಪ. ದೀಪಕ್ಕೆ ಮೀನು.
ಹಳದಿ ಪಟ್ಟೆಯವು, ಗಂಟೆ ಹೊಡೆದಂತೆ ಒಂದೇ ಕಡೆ ನುಗ್ಗಿ,
ಅಲ್ಲೇನೂ ಇಲ್ಲವೆಂದು ಕಂಡು, ತಿರುಗಿದವು.
ಇವರಿಗೆ ಗೊರಕೆ.
ಇಪ್ಪತ್ತೈದು ವರ್ಷದ ಸಂಸಾರಕ್ಕೆ
ಚೀಟಿ ಎತ್ತಿ ಕೊಂಡದ್ದು ನಾಲ್ಕು ರಾತ್ರಿ:
ಎರಡು ಮರಳ ಮೇಲೆ, ಎರಡು ನೀರ ಮೇಲೆ.
ರಾತ್ರಿಗೆಷ್ಟೆಂದು ಅಕ್ಕನಿಗೆ ಅರ್ಧವಷ್ಟೇ ಹೇಳಿದ್ದೇನೆ.
ಅರ್ಧಕ್ಕೇ ಅವಳು ಬಾಯಿಗೆ ಸೆರಗು ಹಿಡಿದಳು.

ಮರಳ ಮೇಲಿದ್ದಾಗ ಇವರ ಬೆನ್ನು ಸುಟ್ಟಿತ್ತು.
ಕೊಬ್ಬರಿ ಎಣ್ಣೆ ಹಚ್ಚಿದೆ;
ಸಮುದ್ರವೆಲ್ಲ ನಮ್ಮ ಅಡುಗೆಮನೆಯಂತೆ ಘಮಘಮಿಸಿತು.

ಬೆಳಿಗ್ಗೆ ಹಣ್ಣಿನ ತಟ್ಟೆ ತಂದ ಹುಡುಗ, ಶಿಯಾಮ್,
ನಿಮ್ಮೂರಲ್ಲಿ ಸಮುದ್ರವಿದೆಯೇ ಎಂದ.
ಇಲ್ಲ.
ನದಿ?
ಅದೂ ಇಲ್ಲ.
ಮತ್ತೆ ನೀರು?
ಸೋಮವಾರ, ಗುರುವಾರ ಬರುತ್ತದೆ ಎಂದೆ, ಲಾರಿಯಲ್ಲಿ.
ತಮಾಷೆ ಎಂದುಕೊಂಡು ನಕ್ಕ, ಪಪ್ಪಾಯಿಯನ್ನು ನನ್ನತ್ತ ಸರಿಸಿದ.
ಆಮೇಲೆ ಅವನೇ ಹೇಳಿದ:
ಅವನ ದ್ವೀಪದ ಬಾವಿ ಉಪ್ಪಾಗಿದೆ,
ಅವನಮ್ಮ ಕುಡಿಯುವುದು ಮಳೆ ನೀರು,
ನೀಲಿ ತೊಟ್ಟಿಯಲ್ಲಿ ಹಿಡಿದಿಟ್ಟದ್ದು, ಲೆಕ್ಕ ಹಾಕಿ.
ಹೊರಟಾಗ ನಮಗೆ ಎರಡು ಬಾಟಲಿ ನೀರು ಹೆಚ್ಚಿಗೆ ಇಟ್ಟುಹೋದ.

*

ಹರಳೂರು ರಸ್ತೆಯ ನಮ್ಮ ಅಪಾರ್ಟ್‌ಮೆಂಟಿನ
ಹೆಸರಿನಲ್ಲಿ ಮಾತ್ರ ಕೆರೆ ಇದೆ,
ಅದೂ ಇಂಗ್ಲಿಷಿನಲ್ಲಿ.

ಗೇಟಿನ ಬಳಿ ಮುನಿಲಕ್ಷ್ಮಮ್ಮ, ಸೊಪ್ಪಿನ ಗೋಣಿ ಬಿಚ್ಚುತ್ತ,
ಏನಕ್ಕಾ, ವಾರದಿಂದ ಕಾಣಲೇ ಇಲ್ಲ ಅಂದಳು.
ಫೋನು ತೆಗೆದು ತೋರಿಸಿದೆ: ನೀಲಿ,
ನೀಲಿಯ ಮೇಲೆ ಕಾಲೂರಿ ನಿಂತ ಹುಲ್ಲು ಮಾಡಿನ ಮನೆಗಳ ಸಾಲು.
ಒದ್ದೆ ಬೆರಳಲ್ಲಿ ಎಳೆದು ದೊಡ್ಡದು ಮಾಡಿ ನೋಡಿದಳು.

ನೀರ ಮ್ಯಾಲೆ ಮನೆ.
ಅದುಕ್ಕೆ ಕಾಸು ಕೊಟ್ಟು ಅಲ್ಲೀಗಂಟ ಹೋಗಬೇಕಿತ್ತಾ?

ಸಬ್ಬಸಿಗೆ ಕಟ್ಟಿನಿಂದ ಪಾರ್ಕಿಂಗಿನ ಹದಿನಾಲ್ಕನೇ ಕಂಬ ತೋರಿಸಿದಳು,
ಇವರು ಕಾರಿನ ಡಿಕ್ಕಿಯಿಂದ ಮರಳು ಕೊಡವುತ್ತಿದ್ದಲ್ಲಿ.

ಅದೇ ತೂಬು. ನಮ್ಮಪ್ಪ ನೀರುಗಂಟಿ.
ಹಚ್ಚಿದ ಬೀಡಿ ಏರಿ ಮ್ಯಾಲಿನ ಕಲ್ಲಿಗಿಟ್ಟು ಮುಳುಗೋನು,
ಅದು ಆರೋದರೊಳಗೆ ತೂಬೆತ್ತಿ ಮೇಲಕ್ಕೆ ಬರೋನು.
ನಿಮ್ಮ ಕಾರು ನಿಂತಿರೋದು ನಾಕಾಳುದ್ದ ನೀರಲ್ಲಿ, ಅಕ್ಕ.

ಬೇಜಾರಿನಲ್ಲಿ ಹೇಳಲಿಲ್ಲ.
ಬಸ್ಸು ಎಲ್ಲಿ ನಿಲ್ಲುತ್ತೆ ಅಂತ ತೋರಿಸುವ ಹಾಗೆ ಹೇಳಿದಳು,
ಆಮೇಲೆ ಚಿಲ್ಲರೆ ಇಲ್ಲ ಅಂತ ಗೊಣಗಿ
ಚಿಲ್ಲರೆಗೆ ಬದಲು ಒಂದು ಕಟ್ಟು ದಂಟು ಹಾಕಿದಳು.
ಬೇರಿಗೆ ಇನ್ನೂ ಕೆಸರು ಮೆತ್ತಿತ್ತು.
ಯಾವ ನೀರಿನದೆಂದು ನಾನು ಕೇಳಲಿಲ್ಲ.

*

ರಾತ್ರಿ ಎರಡಕ್ಕೆ ಟ್ಯಾಂಕರಿನ ಮೋಟಾರು.
ಎಚ್ಚರವಾಯಿತು.
ಮಂಚದ ಪಕ್ಕ ಅದೇ ಬಿಳಿ ಟೈಲ್ಸು,
ಒಂದರ ಮೂಲೆ ಚಕ್ಕೆ ಎದ್ದು ವರ್ಷವಾಯಿತು,
ಬಿಲ್ಡರಿಗೆ ಹೇಳಿ ಹೇಳಿ ಸಾಕಾಗಿದೆ.

ಅದರ ಕೆಳಗೆ ಪಾರಿಖರ ಮನೆ,
ಅವರ ಕೆಳಗೆ ಯಾರೋ ಬಾಡಿಗೆಯ ಹುಡುಗಿಯರು,
ಅವರ ಕೆಳಗೆ ಸಾಲಾಗಿ ಕಾರುಗಳು,
ಕಾರುಗಳ ಕೆಳಗೆ

ಒಬ್ಬ ಮುಳುಗಿದ್ದಾನೆ.
ಕೈಗೆ ಕಲ್ಲು ಸಿಕ್ಕಿದೆಯೋ, ಇಲ್ಲವೋ.
ಕಾಲ ಬಳಿ ಮೀನು ಹಾದಿವೆಯೋ.

ದಾಟುವುದೋ ಬಳಸುವುದೋ ತಿಳಿಯದೆ
ಬರಿಗಾಲಲ್ಲಿ ನಿಂತೆ.
ಕಿಟಕಿಯಾಚೆ, ಟ್ಯಾಂಕರಿಗೆ ಒರಗಿದ ಡ್ರೈವರನ ಬಾಯಲ್ಲಿ
ಬೀಡಿ ಒಮ್ಮೆ ಕೆಂಪಾಯಿತು,
ಮಂಕಾಯಿತು,
ಇನ್ನೂ ಆರಿರಲಿಲ್ಲ.