ಬಾಕಿ ಚಿಲ್ಲರೆ

"ಗ್ಯಾಸ್ ಮುಟ್ಟಕೂಡದು, ನಾಲ್ಕು ಜನವೂ"—
ಮೂರು ಮಕ್ಕಳ ಲೆಕ್ಕಕ್ಕೆ ನನ್ನನ್ನೂ ಸೇರಿಸಿ
ರೆಗ್ಯುಲೇಟರು ತಿರುವಿ, ಕೊಡೆ ಕಂಕುಳಿಗೆ ಸಿಕ್ಕಿಸಿ
ಸಂಘದ ಮೀಟಿಂಗಿಗೆ ಹೋದಳು ಗಂಗಾಂಬಿಕೆ.

ಅರಸೀಕೆರೆಯ ಏಪ್ರಿಲ್ಲು. ಹತ್ತು ಗಂಟೆಗೇ
ಜಗಲಿಯ ಕೆಂಪು ನೆಲ ಕಾದ ಕಾವಲಿ.
ಟಿವಿ ಹಾಕೋಣವೆಂದರೆ ಕರೆಂಟಿಲ್ಲ.
ಇಂಚರ ಉಗುರು ಕಚ್ಚಿದಳು, ಮೋಕ್ಷಿತ ಗೋಡೆ ಒದ್ದ,
ಸಣ್ಣವ ಚಿರಂತ ಏನೂ ಹೇಳಲಿಲ್ಲ.
ಅವನು ಹೇಳುವುದೇ ಕಡಿಮೆ. ಮಾತಿನ ಮೊದಲಕ್ಷರ
ಹೊಸಿಲಲ್ಲಿ ಎಡವಿ ಅಲ್ಲೇ ಎರಡು ಸಲ ಕುಪ್ಪಳಿಸುತ್ತದೆ;
ಸ್ಕೂಲಿನಲ್ಲಿ ಯಾರೋ ಹಾಗೇ ಕುಪ್ಪಳಿಸಿ ತೋರಿಸಿದ್ದಾರೆ.

ಒಲೆಯಿಲ್ಲದ ಅಡುಗೆ ನನಗೆ ಗೊತ್ತಿರುವುದು ಒಂದೇ.
ಇಪ್ಪತ್ತೊಂಬತ್ತು ವರ್ಷ ಕಂಡಕ್ಟರು ನಾನು,
ನೈಟ್ ಹಾಲ್ಟಿನ ಚೀಲದಲ್ಲಿ ಇರುತ್ತಿದ್ದುದೂ ಅದೇ.
ಅಟ್ಟದಿಂದ ಡಬ್ಬ ಇಳಿಸಿದೆ: ಹುರಿಹಿಟ್ಟು.

ರಾಗಿ ಅರಳಿ ಹೂವಾಗಿ, ಹೂವು ಮತ್ತೆ ಪುಡಿಯಾಗಿ
ಮುಚ್ಚಳ ತೆಗೆದರೆ ಹೊಸ ಮಡಕೆಯ ವಾಸನೆ.
"ಮೂರು ಹಿಡಿ ಹಿಟ್ಟು." "ಯಾರ ಹಿಡಿ, ತಾತ?"
ಒಳ್ಳೆ ಪ್ರಶ್ನೆ. ಒಬ್ಬೊಬ್ಬರದೂ ಒಂದೊಂದು ಹಾಕಿ.
ಬೆಲ್ಲ ಕುಟ್ಟುವುದು ಮೋಕ್ಷಿತ, ಸಿಟ್ಟಿದ್ದವರಿಗೆ ಆ ಕೆಲಸ.
ಕಾಯಿ ತುರಿಯುವುದು ನಾನು, ತುರಿಮಣೆ ಮಕ್ಕಳಿಗಲ್ಲ.
ಏಲಕ್ಕಿ ಇಂಚರ ಸುಲಿದಳು, ಸಿಪ್ಪೆ ಟೀಪುಡಿ ಡಬ್ಬಕ್ಕೆ.
ತುಪ್ಪ ಎಷ್ಟು? ಬೈಸಿಕೊಳ್ಳುವಷ್ಟು.
ಕಲಸಿ, ಅಂಗೈಯಲ್ಲಿ ಅದುಮಿದರೆ ಉಂಡೆ;
ಒಡೆದರೆ ಅಳಬೇಡಿ, ಒಡೆದದ್ದು ಕಟ್ಟಿದವರ ಬಾಯಿಗೆ.

ಡಬ್ಬದ ತಳದಲ್ಲಿ ಒಂದಿಷ್ಟು ಬರೀ ಹಿಟ್ಟು ಉಳಿಯಿತು.
ಅಲ್ಲಿಂದ ಶುರು ರಂಪ.

ಬೆಂಚೇ ಬಸ್ಸು. ಮೊರ ಸ್ಟೇರಿಂಗು, ಇಂಚರ ಡ್ರೈವರು.
ಹೋದ ವರ್ಷದ ಕ್ಯಾಲೆಂಡರು ಹರಿದು ಟಿಕೆಟು.
ಕಾನೂನು ನನ್ನದು: ಒಂದು ಚಮಚ ಹಿಟ್ಟು ಬಾಯಿಗೆ ಹಾಕಿಕೊಂಡು
ಇಳಿಯುವ ಊರು ಹೇಳಬೇಕು.

ಮೋಕ್ಷಿತ ಹೇಳಿದ: ಹಾರನಹಳ್ಳಿ.
ಹಾ ಎಂದದ್ದೇ ಹಾರಿತು—
ಊರಿನ ಹೆಸರಲ್ಲೇ ಇತ್ತಲ್ಲ ಎಚ್ಚರಿಕೆ!—
ಡ್ರೈವರಿನ ಜಡೆಗೆ, ನನ್ನ ಕನ್ನಡಕಕ್ಕೆ, ದೇವರ ಫೋಟೋಕ್ಕೆ.
ಇಂಚರ ಹಾಸನ ಎನ್ನಲು ಹೋಗಿ ಹ... ಹ... ಹ...
ನಾನು ದುದ್ದ ಎನ್ನಲು ಹೋಗಿ ದು... ದು...
ಅಂಗುಳಿಗೆ ಮೆತ್ತಿದ ಹಿಟ್ಟು ನಾಲಗೆ ಹಿಡಿದು ಕೂತಿತು.

ಚಿರಂತ ನೋಡಿದ. ನಮ್ಮ ಮೂರೂ ಬಾಯಿ
ಮೊದಲಕ್ಷರದಲ್ಲೇ ಪಂಕ್ಚರಾಗಿ ನಿಂತಿದ್ದವು.
ಅವನು ನಕ್ಕ ನಗೆಗೆ ಬೆಂಚು ಅಲುಗಿತು,
ಪಕ್ಕದ ಮನೆ ಮೇಕೆ ಮೆಲುಕು ನಿಲ್ಲಿಸಿತು.

ನಾನೇನೂ ಹೇಳಲಿಲ್ಲ. ಹೇಳಿದರೆ ಕೆಡುತ್ತದೆ.
ಮೊಳೆಗೆ ತೂಗಿದ್ದ ಸೀಟಿ ತೆಗೆದು ಅವನ ಕೊರಳಿಗೆ ಹಾಕಿದೆ:
ಒಂದು ಊದಿದರೆ ನಿಲ್ಲಬೇಕು, ಎರಡಕ್ಕೆ ಹೊರಡಬೇಕು.
ಮಧ್ಯಾಹ್ನದವರೆಗೂ ಆ ಬಸ್ಸು
ಅವನ ಉಸಿರಿಲ್ಲದೆ ಒಂದು ಗೇಣು ಚಲಿಸಲಿಲ್ಲ.

ಉಂಡೆ ಹನ್ನೆರಡಾಗಿದ್ದವು. ಹಂಚುವಾಗ ಹನ್ನೊಂದು.
(ಒಂದನ್ನು ನಾನು ಯಾರಿಗೂ ಕಾಣದ ಹಾಗೆ ನುಂಗಿದ್ದೆ.)
ತಲೆಗೆ ಮೂರು ಎಂದರೆ ಕೊನೆಯವನಿಗೆ ಎರಡೇ.
ಹಳೇ ಚಾಳಿ, ಚಿಲ್ಲರೆ ಇಲ್ಲವೆಂದು
ಟಿಕೆಟಿನ ಬೆನ್ನಿಗೆ ಬರೆದುಕೊಟ್ಟೆ: ಬಾಕಿ, ಉಂಡೆ ಒಂದು.
ಇಂಥ ಎಷ್ಟು ಟಿಕೆಟು ಬರೆದು ಮರೆತವನೋ ನಾನು.

ಒಂದೂವರೆಗೆ ಬಂದಳು ಗಂಗಾಂಬಿಕೆ.
ಗ್ಯಾಸ್ ನೋಡಿದಳು, ಹೇಗೆ ಬಿಟ್ಟಿದ್ದಳೋ ಹಾಗೇ ಇತ್ತು.
ಆಮೇಲೆ ನೆಲ ನೋಡಿದಳು.
"ಕಂಡಕ್ಟರೇ, ನಿಮ್ಮ ಸ್ಟಾಪು ಬಂತು, ಇಳೀರಿ" ಎಂದು
ಪೊರಕೆ ನನ್ನ ಕೈಗಿಟ್ಟಳು.

ರಾತ್ರಿ ಲೈಟ್ ಆರಿಸಿ ನಡುಮನೆ ದಾಟುತ್ತಿದ್ದೆ.
ಚಾಪೆಯ ಕಡೆಯಿಂದ ಒಂದು ಸೀಟಿ, ಮೆತ್ತಗೆ.
ಒಂದು ಊದಿದರೆ ನಿಲ್ಲಬೇಕು. ನಿಂತೆ.
ಬೆವರಿಗೆ ಬಟ್ಟೆಯಂತಾದ ಟಿಕೆಟು ಚಾಚಿ
"ತಾತ, ಬಾ... ಬಾ... ಬಾಕಿ" ಅಂದ.

ಬಂದೆ ಕಣೋ ಎನ್ನುತ್ತ
ಕತ್ತಲಲ್ಲೇ ಡಬ್ಬ ತಡಕಿದೆ.